ಓದುಗರ ಪ್ರಶ್ನೆ: ದ್ರಾಕ್ಷಿ ತೋಟದಲ್ಲಿ ಇಬ್ಬರಿಗೆ ಎರಡು ದಿನ

ಪ್ರಶ್ನೆ: ಬರುವ ಫೆಬ್ರವರಿಗೆ ನಮ್ಮ ಮದುವೆಯಾಗಿ 10 ವರ್ಷ ತುಂಬುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಎಂಟು ವರ್ಷದ ಮಗಳನ್ನು ಶನಿವಾರ ಮತ್ತು ಭಾನುವಾರ ನೋಡಿಕೊಳ್ಳಲು ಅಮ್ಮ ಒಪ್ಪಿದ್ದಾರೆ. ಹಿಂದೊಮ್ಮೆ ಘಾಟಿ ಸುಬ್ರಹ್ಮಣ್ಯದಿಂದ ಮರಳುವಾಗ ರಸ್ತೆಯ ಪಕ್ಕದ ದ್ರಾಕ್ಷಿ ತೋಟವನ್ನು ಕಂಡು ನನ್ನ ಪತ್ನಿ, ‘ಒಂದು ಸಲ ಇಂಥ ಕಡೆ ನಾವಿಬ್ಬರೇ ಬಂದು ಇರಬೇಕು’ ಎಂದಿದ್ದಳು. ಆ ಮಾತನ್ನು ನೆನಪಿಟ್ಟುಕೊಂಡು, ನಾಸಿಕ್‌ಗೆ ಹೋಗಿ ಎರಡು ದಿನಗಳಲ್ಲಿ ನಾಲ್ಕೈದು ವೈನರಿಗಳನ್ನು ನೋಡಿ ಬರುವ ಯೋಜನೆ ಹಾಕಿಕೊಂಡಿದ್ದೇನೆ. ವೈನ್ ಬಗ್ಗೆ ನಮಗಿಬ್ಬರಿಗೂ ಏನೂ ತಿಳಿಯದು. ಅವಳು ಕುಡಿದರೂ ಎರಡು ಗುಟುಕು, ಅಷ್ಟೇ. ನಾಸಿಕ್‌ಗೇ ಹೋಗುವುದು ಸರಿಯೇ, ಅಥವಾ ನಂದಿ ಬೆಟ್ಟದ ಕಡೆಯ ತೋಟಗಳೇ ಸಾಕೇ?
— ಬಸವೇಶ್ವರನಗರದ ಓದುಗರೊಬ್ಬರು

ಉತ್ತರ: ನಿಮ್ಮ ಪತ್ನಿ ‘ಬಂದು ಇರಬೇಕು’ ಎಂದಿದ್ದಾರೆ, ‘ನೋಡಿಕೊಂಡು ಬರಬೇಕು’ ಎಂದಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಹಿಡಿದೇ ನಿಮ್ಮ ಪ್ರವಾಸವನ್ನು ರೂಪಿಸಿಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ಈ ಸಲಕ್ಕೆ ನಾಸಿಕ್ ಬೇಡ. ಬೆಂಗಳೂರಿನಿಂದ ಅಲ್ಲಿಗೆ ಹೋಗಿ ಬರುವುದರಲ್ಲಿಯೇ ನಿಮ್ಮ ಎರಡು ದಿನಗಳ ಬಹುಪಾಲು ವಿಮಾನ ನಿಲ್ದಾಣ, ಟ್ಯಾಕ್ಸಿ, ಹೋಟೆಲಿನ ಕೌಂಟರುಗಳಲ್ಲಿ ಕಳೆದುಹೋಗುತ್ತದೆ. ನಂದಿ ಬೆಟ್ಟದ ತಪ್ಪಲು ನಿಮ್ಮ ಮನೆಯಿಂದ ಹೆಚ್ಚೆಂದರೆ ಎರಡು ಗಂಟೆಯ ದಾರಿ. ಅಲ್ಲಿಯೂ ನಾಲ್ಕೈದಲ್ಲ, ಒಂದೇ ವೈನರಿಯನ್ನು ನೋಡಿ.

ಒಂದೇ ಏಕೆ ಎಂಬುದನ್ನು ನಾನು ಅನುಭವದಿಂದ ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಪತಿಯೂ ನಾಸಿಕ್‌ನಲ್ಲಿ ಒಂದೇ ದಿನ ಮೂರು ಕಡೆ ರುಚಿ ನೋಡಲು ಹೋಗಿದ್ದೆವು. ಮೂರನೆಯ ಕಡೆಗೆ ಬರುವಷ್ಟರಲ್ಲಿ ನಾಲಿಗೆ ಜಡ್ಡುಗಟ್ಟಿತ್ತು, ಮಧ್ಯಾಹ್ನದ ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಅಲ್ಲಿನ ಹುಡುಗ ಅಷ್ಟು ಪ್ರೀತಿಯಿಂದ ಸುರಿದು ಕೊಟ್ಟ ಒಳ್ಳೆಯ ವೈನಿಗೂ ಬೆಳಿಗ್ಗೆ ಮೊದಲು ಕುಡಿದದ್ದಕ್ಕೂ ಏನು ವ್ಯತ್ಯಾಸವೆಂದು ನಮಗೆ ಹೇಳಲಾಗಲಿಲ್ಲ. ಮರಳುವ ದಾರಿಯಲ್ಲಿ ಕಾರಿನೊಳಗೆ ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ನಿಮ್ಮ ಹತ್ತನೆಯ ವರ್ಷದ ಶನಿವಾರ ಹಾಗೆ ಮುಗಿಯಬಾರದು.

ತಿಂಗಳ ವಿಷಯದಲ್ಲಿ ನೀವು ಅದೃಷ್ಟವಂತರು. ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ಶರತ್ಕಾಲದಲ್ಲಿ ಅಲ್ಲಿ ಕೊಯ್ಲು. ನಮ್ಮ ಹವೆಯಲ್ಲಿ ಬಳ್ಳಿಗೆ ಆ ನಿದ್ರೆಯಿಲ್ಲ. ಆದ್ದರಿಂದ ರೈತರು ಕತ್ತರಿ ಹಿಡಿದು ಅದರ ವರ್ಷವನ್ನು ತಾವೇ ಗೊತ್ತುಮಾಡುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಬೆಳೆಗಾರರು ಇದನ್ನು ಚಾಟನಿ ಎನ್ನುತ್ತಾರೆ. ಏಪ್ರಿಲ್ ಸುಮಾರಿಗೆ ಮಾಡುವ ಚಾಟನಿ ಕಡ್ಡಿ ಬೆಳೆಸುವುದಕ್ಕೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ಹೊತ್ತಿಗೆ ಮಾಡುವ ಚಾಟನಿ ಹಣ್ಣು ಪಡೆಯುವುದಕ್ಕೆ. ಹೀಗಾಗಿ ವೈನ್ ದ್ರಾಕ್ಷಿಯ ಕೊಯ್ಲು ನಮ್ಮಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಬರುತ್ತದೆ. ಬಿಳಿ ವೈನಿನ ತಳಿಗಳು ಸಾಮಾನ್ಯವಾಗಿ ಮೊದಲು, ಕೆಂಪು ತಳಿಗಳು ಅನಂತರ. ಫೆಬ್ರವರಿಯಲ್ಲಿ ಹೋಗುವ ನಿಮಗೆ ಗೊಂಚಲು ತೂಗುವ ಬಳ್ಳಿಗಳನ್ನು ಕಾಣುವ ಅವಕಾಶವಿದೆ. ಇದೇ ಪ್ರವಾಸವನ್ನು ಮೇ ತಿಂಗಳಿನಲ್ಲಿ ಮಾಡಿದ್ದರೆ ಬೋಳು ಕಡ್ಡಿಗಳನ್ನೋ ಆಗತಾನೇ ಒಡೆದ ಚಿಗುರನ್ನೋ ನೋಡಿ ಮರಳಬೇಕಾಗುತ್ತಿತ್ತು.

ನಂದಿಯ ತಪ್ಪಲನ್ನು ನಾಸಿಕ್‌ನ ಬಡ ತಂಗಿಯೆಂದು ಭಾವಿಸಬೇಡಿ. 1988ರಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ವೈನ್ ತಯಾರಕ ಜಾರ್ಜ್ ವೆಸೆಲ್ ಅವರ ನೆರವಿನೊಡನೆ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟವನ್ನು ನೆಲೆಗೊಳಿಸಿದರು. ನಾಸಿಕ್‌ನಲ್ಲಿ ಸುಲಾ ವೈನರಿ ಆರಂಭವಾದದ್ದು ಅದಾಗಿ ಹತ್ತು ವರ್ಷಗಳ ಮೇಲೆ, 1999ರಲ್ಲಿ. ಗ್ರೋವರ್ ಸಂಸ್ಥೆ 2012ರಲ್ಲಿ ನಾಸಿಕ್ ಕಡೆಯ ಜಂಪಾ ಜೊತೆಗೂಡಿ ಗ್ರೋವರ್ ಜಂಪಾ ಆಯಿತು. ನಂದಿ ಬೆಟ್ಟದ ತುದಿ 1478 ಮೀಟರ್ ಎತ್ತರದಲ್ಲಿದೆ. ತಪ್ಪಲಿನ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ರಾತ್ರಿಯ ತಂಪು ಹಣ್ಣಿನ ಹುಳಿಯನ್ನು ಉಳಿಸುತ್ತದೆ. ಹುಳಿಯಿಲ್ಲದ ವೈನ್ ಉಪ್ಪಿಲ್ಲದ ಸಾರಿನಂತೆ ಸಪ್ಪೆ. ಅಂದಹಾಗೆ, ದಾರಿಯಲ್ಲಿ ನಿಮಗೆ ಕಂಡ ತೋಟ ವೈನಿನದೇ ಎಂದು ಹೇಳಲಾಗದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಭಾಗದಲ್ಲಿ ಹೆಚ್ಚಾಗಿ ಬೆಳೆಯುವುದು ಕಪ್ಪುನೀಲಿ ಬಣ್ಣದ, ಗಾಢ ಪರಿಮಳದ ಬೆಂಗಳೂರು ಬ್ಲೂ ದ್ರಾಕ್ಷಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಈ ಹಣ್ಣು ತಿನ್ನಲೂ, ರಸಕ್ಕೂ, ಜಾಮ್‌ಗೂ, ಸಿಹಿಯಾದ ಅಗ್ಗದ ವೈನಿಗೂ ಹೋಗುತ್ತದೆ. ರಸ್ತೆಬದಿಯಲ್ಲಿ ಬುಟ್ಟಿಯಿಟ್ಟು ಮಾರುವವರಿಂದ ಅರ್ಧ ಕಿಲೋ ಕೊಂಡುಕೊಳ್ಳಿ. ಮುಂದೆ ತೋಟದೊಳಗೆ ಹೋಲಿಸಿ ನೋಡಲು ಅನುಕೂಲವಾಗುತ್ತದೆ.

ಆ ಹೋಲಿಕೆಯನ್ನು ಹೀಗೆ ಮಾಡಿ. ವೈನರಿಯಲ್ಲಿ ನಿಮ್ಮನ್ನು ಸುತ್ತಾಡಿಸುವವರ ಒಪ್ಪಿಗೆ ಪಡೆದು ಶಿರಾಜ್ ಎಂಬ ಕೆಂಪು ವೈನಿನ ತಳಿಯ ಬಳ್ಳಿಯಿಂದ ಒಂದೇ ಒಂದು ಹಣ್ಣು ಕಿತ್ತುಕೊಳ್ಳಿ. ಅದು ನಾವು ತಿನ್ನುವ ದ್ರಾಕ್ಷಿಗಿಂತ ಬಹಳ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಬೆರಳಲ್ಲಿ ಹಿಸುಕಿದರೆ ಬರುವ ರಸಕ್ಕೆ ಕೆಂಪು ಬಣ್ಣವೇ ಇಲ್ಲ! ಬಣ್ಣವೆಲ್ಲ ಸಿಪ್ಪೆಯಲ್ಲಿದೆ. ಕೆಂಪು ವೈನ್ ಮಾಡುವಾಗ ಸಿಪ್ಪೆಯನ್ನು ರಸದೊಡನೆಯೇ ಹುದುಗಲು ಬಿಡುವುದೂ, ಬಿಳಿ ವೈನಿಗೆ ರಸವನ್ನು ಮಾತ್ರ ಬೇರ್ಪಡಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಆ ಸಿಪ್ಪೆಯನ್ನು ಇಬ್ಬರೂ ಅರ್ಧರ್ಧ ಅಗಿದು ನೋಡಿ. ನೇರಳೆ ಹಣ್ಣು ತಿಂದಾಗ ಆಗುವಂತೆ ಬಾಯಿ ಒಗರಾಗುತ್ತದೆ. ವೈನ್ ಬಲ್ಲವರು ಟ್ಯಾನಿನ್ ಎನ್ನುವುದು ಈ ಒಗರಿಗೇ. ಮುಂದೆ ಲೋಟ ಕೈಗೆ ಬಂದಾಗ ಆ ಪದಕ್ಕೆ ನೀವು ಹೆದರಬೇಕಾಗಿಲ್ಲ.

ರುಚಿ ನೋಡುವ ಹೊತ್ತನ್ನು ಶನಿವಾರ ಬೆಳಿಗ್ಗೆ 11ರ ಸುಮಾರಿಗೆ ಇಟ್ಟುಕೊಳ್ಳಿ. ತಿಂಡಿ ತಿಂದು ಹೋಗಿ, ಬರಿಹೊಟ್ಟೆ ಬೇಡ. ಪತ್ನಿಗೆ ಇಷ್ಟವಾದರೂ ಅಂದು ಮಲ್ಲಿಗೆ ಮುಡಿಯುವುದನ್ನೂ, ನೀವು ಸೆಂಟು ಹಾಕಿಕೊಳ್ಳುವುದನ್ನೂ ಸಂಜೆಗೆ ಮುಂದೂಡಿ, ಏಕೆಂದರೆ ವೈನಿನ ಬಹುಪಾಲು ರುಚಿ ಮೂಗಿನದು. ಲೋಟವನ್ನು ಅಲುಗಿಸದೆ ಒಮ್ಮೆ ಮೂಸಿ, ಅನಂತರ ಮೆಲ್ಲಗೆ ತಿರುಗಿಸಿ ಮತ್ತೊಮ್ಮೆ ಮೂಸಿ. ಎರಡನೆಯ ಸಲ ಪರಿಮಳ ಎಷ್ಟು ಅರಳಿರುತ್ತದೆಂಬುದು ಹೊಸಬರಿಗೂ ಗೊತ್ತಾಗುತ್ತದೆ. ಸುವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಸೀಬೆಹಣ್ಣೋ ಹಸಿ ಹುಲ್ಲೋ ನೆನಪಾಗಬಹುದು, ಶಿರಾಜ್‌ನಲ್ಲಿ ಕರಿಮೆಣಸು. ನಿಮಗೆ ಕಂಡದ್ದು ಪತ್ನಿಗೆ ಕಾಣದಿದ್ದರೆ ವಾದ ಬೇಡ. ಅವರಿಗೆ ಏನು ನೆನಪಾಯಿತೆಂದು ಕೇಳಿ. ಹತ್ತು ವರ್ಷ ಜೊತೆಗಿದ್ದವರಿಗೂ ಒಬ್ಬರ ಬಾಲ್ಯದ ಅಂಗಳದಲ್ಲಿ ಯಾವ ಮರವಿತ್ತೆಂದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಅದು ಇಂಥ ಹೊತ್ತಿನಲ್ಲಿ ಹೊರಬರುತ್ತದೆ. ಬೇಡವಾದ ವೈನನ್ನು ಉಗುಳಲು ಅಲ್ಲಿ ಪಾತ್ರೆಯಿಟ್ಟಿರುತ್ತಾರೆ. ಅದನ್ನು ಬಳಸುವುದು ಅಸಭ್ಯತೆಯಲ್ಲ, ಬಲ್ಲವರೆಲ್ಲರೂ ಬಳಸುತ್ತಾರೆ. ಎರಡೇ ಗುಟುಕಿನ ನಿಮ್ಮ ಪತ್ನಿಗೆ ಇದನ್ನು ಮೊದಲೇ ತಿಳಿಸಿಡಿ.

ಕಾರನ್ನು ಮಾತ್ರ ನೀವು ಓಡಿಸಬೇಡಿ. ‘ಸ್ವಲ್ಪವೇ ಕುಡಿದದ್ದು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಅಪರಾಧ. ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ ಆಗಬಹುದು. ಕಾನೂನಿಗಿಂತ ಮುಖ್ಯವಾಗಿ, ಮನೆಯಲ್ಲಿ ಒಬ್ಬಳು ಮಗಳು ಕಾದಿರುತ್ತಾಳೆ. ಎರಡು ದಿನಕ್ಕೂ ಡ್ರೈವರ್ ಸಮೇತ ಗಾಡಿ ಗೊತ್ತುಮಾಡಿ, ಆ ಖರ್ಚನ್ನು ಉಳಿಸಲು ಹೋಗಬೇಡಿ. ಬೇಕಿದ್ದರೆ ವಸತಿಯಲ್ಲಿ ಒಂದು ಮೆಟ್ಟಿಲು ಇಳಿಯಿರಿ.

ಶನಿವಾರ ಮಧ್ಯಾಹ್ನದಿಂದ ಆಚೆಗೆ ಏನನ್ನೂ ಇಟ್ಟುಕೊಳ್ಳಬೇಡಿ. ಊಟ, ನಿದ್ದೆ, ಸಂಜೆ ನಡಿಗೆ, ಅಷ್ಟು ಸಾಕು. ಭಾನುವಾರ ಎಲ್ಲರೂ ಹೇಳುವ ಬೆಟ್ಟದ ಸೂರ್ಯೋದಯವನ್ನು ನಾನು ನಿಮಗೆ ಹೇಳುವುದಿಲ್ಲ. ವಾರಾಂತ್ಯದ ನಸುಕಿನಲ್ಲಿ ಆ ದಾರಿಯ ತುಂಬ ವಾಹನಗಳ ಸಾಲು. ಬದಲಿಗೆ ಬೆಟ್ಟದ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಬೆಳಿಗ್ಗೆ ಬೇಗ ಹೋಗಿ. ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುವ ಈ ಗುಡಿಯ ನಡುವಿನ ಉಮಾಮಹೇಶ್ವರ ಸನ್ನಿಧಿಯಲ್ಲಿ ಕಪ್ಪು ಕಲ್ಲಿನ ನಾಲ್ಕು ಕಂಬಗಳ ಕಲ್ಯಾಣ ಮಂಟಪವಿದೆ. ಕಂಬಗಳ ಮೇಲೆ ಶಿವ-ಪಾರ್ವತಿ, ವಿಷ್ಣು-ಲಕ್ಷ್ಮಿ, ಬ್ರಹ್ಮ-ಸರಸ್ವತಿ, ಅಗ್ನಿ-ಸ್ವಾಹಾದೇವಿ ಹೀಗೆ ಜೋಡಿಜೋಡಿಯಾಗಿ ನಿಂತಿದ್ದಾರೆ. ಹೊಸದಾಗಿ ಮದುವೆಯಾದವರು ಇಲ್ಲಿಗೆ ಬಂದು ಕೈಮುಗಿಯುವ ವಾಡಿಕೆ ಇದೆ. ಹತ್ತು ವರ್ಷವಾದವರೂ ಬರಬಹುದು. ಅಲ್ಲಿಂದ ಪಕ್ಕದ ಪುಷ್ಕರಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬನ್ನಿ. ಒಂದು ಎಚ್ಚರಿಕೆ: ಮಹಾಶಿವರಾತ್ರಿಗೆ ಇಲ್ಲಿ ದೊಡ್ಡ ಜಾತ್ರೆ, ರಥೋತ್ಸವ. ಹಬ್ಬ ನಿಮ್ಮ ವಾರಾಂತ್ಯದ ಹತ್ತಿರ ಬಿದ್ದರೆ ದಿನ ಬದಲಿಸಿಕೊಳ್ಳಿ. ಫೆಬ್ರವರಿ 14ರ ಆಸುಪಾಸಿನಲ್ಲಿ ಕೋಣೆಗಳ ಬಾಡಿಗೆ ಏರುವುದನ್ನೂ, ಚುನಾವಣೆ ಇದ್ದರೆ ಮದ್ಯ ಮಾರಾಟ ನಿಲ್ಲುವುದನ್ನೂ ಗಮನಿಸಿ, ಮೂರು ವಾರ ಮೊದಲೇ ವೈನರಿಗೆ ಫೋನ್ ಮಾಡಿ ಹೆಸರು ಬರೆಸಿ. ‘ಕೊಯ್ಲು ನಡೆಯುತ್ತಿರುತ್ತದೆಯೇ, ತೋಟದೊಳಗೆ ನಡೆಯಲು ಬಿಡುತ್ತೀರಾ?’ ಎಂಬ ಎರಡು ಪ್ರಶ್ನೆಗಳನ್ನು ಆಗಲೇ ಕೇಳಿಬಿಡಿ.

ಪ್ರಶ್ನೆ: ನಾವು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ ಕನ್ನಡಿಗರು. ಇಬ್ಬರಿಗೂ ಜುಲೈನಲ್ಲಿ ಮಾತ್ರ ರಜೆ ಸಿಗುತ್ತದೆ. ಮಳೆಗಾಲದಲ್ಲಿ ನಾಸಿಕ್‌ನ ದ್ರಾಕ್ಷಿ ತೋಟಗಳಿಗೆ ಹೋಗುವುದು ವ್ಯರ್ಥವೇ?

ಉತ್ತರ: ವ್ಯರ್ಥವಲ್ಲ, ಆದರೆ ಹಣ್ಣಿನ ಆಸೆ ಬಿಟ್ಟು ಹೊರಡಿ. ಜುಲೈನಲ್ಲಿ ಬಳ್ಳಿಗಳು ಎಲೆ ತುಂಬಿ ಹಸಿರಾಗಿರುತ್ತವೆ, ಗೊಂಚಲು ಇರುವುದಿಲ್ಲ. ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಕಡೆಗೆ ಮುಖಮಾಡಿದ ಜಗಲಿಯಲ್ಲಿ ಕೂತು ಮಳೆ ಬರುವುದನ್ನು ನೋಡುವ ಸುಖಕ್ಕೆ ಗೊಂಚಲು ಬೇಕಾಗಿಯೂ ಇಲ್ಲ. ನಿಮಗೆ ಕಾರಿನ ಚಿಂತೆಯೂ ಬೇಡ. ಕಲ್ಯಾಣದಲ್ಲಿ ಹಗಲಿನ ರೈಲು ಹತ್ತಿದರೆ ಕಸಾರಾ ಘಾಟಿನ ಮಳೆಯನ್ನು ಕಿಟಕಿಯಿಂದಲೇ ನೋಡುತ್ತ ನಾಸಿಕ್ ರೋಡ್ ತಲುಪಬಹುದು. ತ್ರ್ಯಂಬಕೇಶ್ವರಕ್ಕೂ ಹೋಗುವ ಮನಸ್ಸಿದ್ದರೆ ಶ್ರಾವಣ ಸೋಮವಾರಗಳನ್ನು ತಪ್ಪಿಸಿ. 2027ರ ಮಳೆಗಾಲದಲ್ಲಿ ಸಿಂಹಸ್ಥ ಕುಂಭಮೇಳದ ಪ್ರಮುಖ ಸ್ನಾನಗಳಿರುವುದರಿಂದ ಆ ವರ್ಷ ಪ್ರವಾಸವನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳುವುದೇ ಮೇಲು. ಮಹಾರಾಷ್ಟ್ರದಲ್ಲಿ ವೈನ್ ಕುಡಿಯಲು 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಜೊತೆಗಿರಲಿ. ಊರಿನಲ್ಲಿರುವ ತಮ್ಮನಿಗೋ ಭಾವನಿಗೋ ಬಾಟಲಿಗಳನ್ನು ಒಯ್ಯುವ ವಿಚಾರವಿದ್ದರೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಮದ್ಯ ಸಾಗಿಸಲು ಅಬಕಾರಿ ಮಿತಿಗಳಿವೆ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ನಾನೂ ನನ್ನ ಯಜಮಾನರೂ ಮದ್ಯ ಮುಟ್ಟುವುದಿಲ್ಲ. ಆದರೂ ದ್ರಾಕ್ಷಿ ತೋಟದಲ್ಲಿ ಎರಡು ದಿನ ಕಳೆಯುವ ಆಸೆ ನನಗಿದೆ. ಅಲ್ಲಿ ನಮ್ಮನ್ನು ವಿಚಿತ್ರವಾಗಿ ನೋಡುತ್ತಾರೆಯೇ?
— ಧಾರವಾಡದ ಓದುಗರೊಬ್ಬರು

ಉತ್ತರ: ಇಲ್ಲ. ತೋಟ ಸುತ್ತಲೂ, ಹಣ್ಣು ಹಿಂಡುವ ಯಂತ್ರ, ಸ್ಟೀಲಿನ ಟ್ಯಾಂಕು, ಓಕ್ ಮರದ ಪೀಪಾಯಿಗಳ ತಣ್ಣನೆಯ ಕೋಣೆ ನೋಡಲೂ ಕುಡಿಯಲೇಬೇಕೆಂಬ ನಿಯಮವಿಲ್ಲ. ನೀವಂತೂ ಧಾರವಾಡದವರು. ವಿಜಯಪುರದ ಕಡೆ ಬಂಧುಗಳೋ ಪರಿಚಯದವರೋ ಇದ್ದರೆ ವೈನರಿಯ ಗೊಡವೆಯೇ ಇಲ್ಲದೆ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಅವರ ತೋಟಕ್ಕೇ ಹೋಗಿ. ನೆರಳಿನ ಶೆಡ್ಡುಗಳಲ್ಲಿ ಬಲೆಯ ಮೇಲೆ ಹರವಿದ ದ್ರಾಕ್ಷಿ ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತ ಒಣದ್ರಾಕ್ಷಿಯಾಗುವುದನ್ನು ಅಲ್ಲಿ ನೋಡಬಹುದು. ಸಂಜೆ ಗೋಳಗುಮ್ಮಟಕ್ಕೆ ಹೋಗುವಿರಾದರೆ ಬಾಗಿಲು ಮುಚ್ಚುವ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ. ಪಿಸುಗುಟ್ಟುವ ಗ್ಯಾಲರಿಗೆ ಹತ್ತಲು ಮೆಟ್ಟಿಲುಗಳು ಬಹಳ.