ಆಪರೇಷನ್ ಆದ ನಾಯಿಯ ನೋವು

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಕಾಫಿ ತೋಟ. ಆರು ವರ್ಷದ ಹೆಣ್ಣು ನಾಯಿ ಇದೆ. ಇನ್ನು ಮರಿ ಬೇಡ ಎಂದು ಹುತ್ತರಿ ಹಬ್ಬ ಕಳೆದ ಮೇಲೆ, ಕಾಫಿ ಕುಯ್ಲು ಜೋರಾಗುವ ಮೊದಲೇ ಆಪರೇಷನ್ ಮಾಡಿಸಬೇಕು ಎಂದುಕೊಂಡಿದ್ದೇವೆ. ಮತ್ತಿನ ಇಂಜೆಕ್ಷನ್ ಕೊಟ್ಟರೆ ನಾಯಿ ಏಳುವುದೇ ಇಲ್ಲ ಎಂದು ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ಹಿಂದೆ ನಮ್ಮ ಗಂಡು ನಾಯಿಗೆ ಕಾಡುಹಂದಿ ತಿವಿದು ಹೊಲಿಗೆ ಹಾಕಿಸಿದ್ದೆವು. ಆಗ ಅದು ಕೂಗಲೇ ಇಲ್ಲ, ಎರಡು ದಿನ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ನಾಯಿಗೆ ನೋವು ಕಡಿಮೆಯಾ? ಮನೆಯಲ್ಲಿರುವ ಡೋಲೋ ಕೊಡಬಹುದಾ?

ಉತ್ತರ: ಡೋಲೋ ಕೊಡಬೇಡಿ. ಬ್ರೂಫೆನ್ ಕೂಡ ಬೇಡ. ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡ, ಲಿವರ್ ಕೆಡಿಸಬಹುದು.

ನಾಯಿಗೆ ನೋವು ಕಡಿಮೆ ಅಲ್ಲ. ನಮಗೆ ನೋವು ಗೊತ್ತಾಗುವ ನರಗಳೇ ಅದಕ್ಕೂ ಇವೆ. ನಿಮ್ಮ ಗಂಡು ನಾಯಿ ಮೂಲೆಯಲ್ಲಿ ಕೂತಿದ್ದೇ ನೋವಿನ ಲಕ್ಷಣ. ಗಾಯಗೊಂಡ ಪ್ರಾಣಿ ಸದ್ದು ಮಾಡದೆ ಅಡಗುತ್ತದೆ. ಬೆನ್ನು ಬಗ್ಗಿಸಿ ನಿಲ್ಲುವುದು, ಮಲಗಲು ಹೋಗಿ ಮತ್ತೆ ಏಳುವುದು, ಬಿಸಿಲಿಲ್ಲದಿದ್ದರೂ ಏದುಸಿರು, ಹೊಲಿಗೆಯನ್ನೇ ನೆಕ್ಕುತ್ತಿರುವುದು, ಅನ್ನ ಬಿಡುವುದು, ಮುಟ್ಟಿದರೆ ಗುರ್ ಎನ್ನುವುದು, ಇವನ್ನು ನೋಡಿ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ‘ಪಾಪ, ಎಷ್ಟು ಸಾಧು, ಒಂದು ಸದ್ದಿಲ್ಲ’ ಎಂದು ಮೆಚ್ಚಿಕೊಂಡು ನಾಯಿಯನ್ನು ಜೀಪಿಗೆ ಹತ್ತಿಸಿಕೊಂಡು ಹೋಗುವವರನ್ನು ಬಹಳ ನೋಡಿದ್ದೇನೆ. ನನಗೆ ಪ್ರತಿ ಸಲವೂ ಸಂಕಟವಾಗುತ್ತಿತ್ತು.

ಈಗ ನಿಮ್ಮ ಭಯದ ವಿಷಯ. ಬ್ರಿಟನ್ನಿನಲ್ಲಿ 2002ರಿಂದ 2004ರ ತನಕ, ಅರಿವಳಿಕೆ ಕೊಟ್ಟ ಸುಮಾರು 98 ಸಾವಿರ ನಾಯಿಗಳ ಲೆಕ್ಕ ಇಟ್ಟರು. ಸುಮಾರು 600ಕ್ಕೆ ಒಂದು ನಾಯಿ ಸತ್ತಿತ್ತು. ಆರೋಗ್ಯವಾಗಿದ್ದ ನಾಯಿಗಳನ್ನು ಮಾತ್ರ ತೆಗೆದುಕೊಂಡರೆ 1,800ಕ್ಕೆ ಒಂದು. ಕಾಯಿಲೆ ಇದ್ದವುಗಳಲ್ಲಿ 75ಕ್ಕೆ ಒಂದು. ಎಷ್ಟು ವ್ಯತ್ಯಾಸ, ಅಲ್ವಾ? ನಮ್ಮ ಊರುಗಳ ಆಸ್ಪತ್ರೆಯಲ್ಲಿ ಅಲ್ಲಿಯಷ್ಟು ಯಂತ್ರಗಳಿಲ್ಲ. ಅದಕ್ಕೇ ಮೊದಲೇ ಪರೀಕ್ಷೆ ಮಾಡಿಸುವುದು ನಮಗೆ ಇನ್ನೂ ಮುಖ್ಯ.

ನಮ್ಮ ತೋಟದ ನಾಯಿಗಳಿಗೆ ದೊಡ್ಡ ಕಾಟ ಉಣ್ಣಿ. ಉಣ್ಣಿ ಜ್ವರ ಒಳಗೇ ಇರುತ್ತದೆ, ಹೊರಗೆ ನಾಯಿ ಓಡಾಡಿಕೊಂಡೇ ಇರುತ್ತದೆ. ಆಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗಿರಬಹುದು, ರಕ್ತಹೀನತೆಯೂ ಇರಬಹುದು. ಅಂಥ ನಾಯಿಯ ಗರ್ಭಕೋಶ ತೆಗೆಯಲು ಹೋದರೆ ರಕ್ತ ನಿಲ್ಲುವುದಿಲ್ಲ. ಇದಾದಾಗ ದೂರು ಬರುವುದು ಮತ್ತಿನ ಇಂಜೆಕ್ಷನ್ ಮೇಲೆ. ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಲಿವರ್, ಮೂತ್ರಪಿಂಡದ ಸ್ಥಿತಿಯನ್ನೂ ಸೇರಿಸಿ. ಉಣ್ಣಿ ಜ್ವರ ಸಿಕ್ಕರೆ ಅದನ್ನು ವಾಸಿ ಮಾಡಿ, ಆಪರೇಷನ್ ಮುಂದಕ್ಕೆ ಹಾಕಿ. ಕುಯ್ಲು ಶುರುವಾದರೂ ಪರವಾಗಿಲ್ಲ.

ಹಿಂದಿನ ರಾತ್ರಿ ಊಟದ ಮೇಲೆ ಏನೂ ತಿನ್ನಿಸಬೇಡಿ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಕ್ಸೈಲಜೀನ್ ಎಂಬ ಮತ್ತಿನ ಔಷಧಿ ಕೊಟ್ಟಾಗ ನಾಯಿ ವಾಂತಿ ಮಾಡುವುದುಂಟು. ಹೊಟ್ಟೆಯಲ್ಲಿ ಅನ್ನವಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನೀರು ಯಾವಾಗಿನಿಂದ ನಿಲ್ಲಿಸಬೇಕೆಂದು ಡಾಕ್ಟರನ್ನೇ ಕೇಳಿ. ಕೆಟಮೀನ್ ಎಂಬ ಇನ್ನೊಂದು ಮತ್ತಿನ ಔಷಧಿ ಕೊಟ್ಟ ನಾಯಿ ಕಣ್ಣು ತೆರೆದೇ ಇರುತ್ತದೆ. ಎಚ್ಚರವಿದೆ ಎಂದು ಗಾಬರಿಯಾಗಬೇಡಿ. ಕಣ್ಣು ಒಣಗದಂತೆ ಮುಲಾಮು ಹಾಕುತ್ತಾರೆ.

ನಾನು ಒತ್ತಿ ಹೇಳಬೇಕಾದದ್ದು ಆಮೇಲಿನ ವಿಷಯ. ಅರಿವಳಿಕೆ ಬೇರೆ, ನೋವು ನಿವಾರಣೆ ಬೇರೆ. ಅರಿವಳಿಕೆ ನಾಯಿಯನ್ನು ಕತ್ತರಿ ಆಡುವಷ್ಟು ಹೊತ್ತು ಮಲಗಿಸುತ್ತದೆ. ಅದು ಇಳಿದ ಕೂಡಲೇ ಹೊಟ್ಟೆ ಕುಯ್ದ ನೋವು ಪೂರ್ತಿ ಹತ್ತುತ್ತದೆ. ಆದ್ದರಿಂದ ಆಪರೇಷನ್ನಿಗೆ ಮೊದಲೇ ನೋವಿನ ಇಂಜೆಕ್ಷನ್ ಕೊಡುತ್ತೀರಾ, ಮನೆಗೆ ಎಷ್ಟು ದಿನದ ಔಷಧಿ ಕೊಡುತ್ತೀರಾ ಎಂದು ಧೈರ್ಯವಾಗಿ ಕೇಳಿ. ನೋವು ಶುರುವಾಗುವ ಮುಂಚೆ ಕೊಟ್ಟ ಔಷಧಿ ಹೆಚ್ಚು ಕೆಲಸ ಮಾಡುತ್ತದೆ. ನಾಯಿಗಳಿಗೆ ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧಿ ಕೊಡುತ್ತಾರೆ, ನೋವು ಜಾಸ್ತಿ ಇದ್ದರೆ ಜೊತೆಗೆ ಬೇರೆ ಬಗೆಯದನ್ನೂ ಸೇರಿಸುತ್ತಾರೆ. ಮೆಲಾಕ್ಸಿಕ್ಯಾಮ್ ತೂಕ ನೋಡಿ ಲೆಕ್ಕ ಹಾಕಬೇಕಾದ ಔಷಧಿ, ಹೊಟ್ಟೆಗೆ ಏನಾದರೂ ಬಿದ್ದ ಮೇಲೇ ಕೊಡಿ.

ಬ್ರಿಟನ್ನಿನ ಲೆಕ್ಕದಲ್ಲಿ ಸತ್ತ ನಾಯಿಗಳಲ್ಲಿ ಅರ್ಧದಷ್ಟು ಸತ್ತದ್ದು ಆಪರೇಷನ್ ಮುಗಿದ ಮೇಲೆ, ಅದರಲ್ಲೂ ಮೊದಲ ಮೂರು ಗಂಟೆಯೊಳಗೆ ಹೆಚ್ಚು. ನಾಯಿ ತಲೆ ಎತ್ತಿ ಕೂರುವ ತನಕ ಆಸ್ಪತ್ರೆಯಲ್ಲೇ ಇರಿ. ತೆರೆದ ಜೀಪಿನಲ್ಲಿ ಹಿಂದೆ ಮಲಗಿಸಿಕೊಂಡು ತಿರುವಿನ ರಸ್ತೆಯಲ್ಲಿ ಹೋಗಬೇಡಿ. ಮಲಗಿದ ನಾಯಿಯ ಮೈ ಬೇಗ ತಣ್ಣಗಾಗುತ್ತದೆ, ನಮ್ಮ ಡಿಸೆಂಬರ್ ಚಳಿ ಬೇರೆ. ಮೈ ತಣ್ಣಗಾದಷ್ಟೂ ಎಚ್ಚರವಾಗುವುದು ತಡ. ಕಂಬಳಿ ತೆಗೆದುಕೊಂಡು ಹೋಗಿ. ಬಿಸಿನೀರಿನ ಬಾಟಲಿ ಇಡುವುದಾದರೆ ಬಟ್ಟೆ ಸುತ್ತಿ ಇಡಿ, ಇಲ್ಲದಿದ್ದರೆ ಚರ್ಮ ಸುಡುತ್ತದೆ. ಸಂಜೆಗೆ ಸ್ವಲ್ಪ ಗಂಜಿ ಸಾಕು. ಪ್ರೀತಿಯಿಂದ ಪಂದಿ ಕರಿಯ (ಹಂದಿ ಸಾರಿನ) ಕೊಬ್ಬು ಹಾಕಬೇಡಿ.

ಪ್ರಶ್ನೆ: ಬೆಕ್ಕು ಕುಂಟುತ್ತಿತ್ತು ಎಂದು ನಮ್ಮ ಮಾವ ಅರ್ಧ ಪ್ಯಾರಾಸಿಟಮಾಲ್ ಕೊಟ್ಟರು. ಏನಾದರೂ ಆಗುತ್ತದಾ? (ಕುಶಾಲನಗರ)

ಉತ್ತರ: ಇದನ್ನು ಓದುವ ತನಕ ಕಾಯದೆ ನೀವು ಆಸ್ಪತ್ರೆಗೆ ಹೋಗಿದ್ದೀರಿ ಎಂದು ನಂಬುತ್ತೇನೆ. ಈ ಔಷಧಿಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಬಹಳ ಕಡಿಮೆ. 500 ಮಿಲಿಗ್ರಾಂನ ಅರ್ಧ ಮಾತ್ರೆಯೂ ಬೆಕ್ಕಿನ ಜೀವ ತೆಗೆಯಬಹುದು. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, ಮನುಷ್ಯರ ಆಸ್ಪತ್ರೆಯಲ್ಲೂ ಬಳಸುವಂಥದ್ದು. ಬೇಗ ಕೊಟ್ಟಷ್ಟೂ ಬೆಕ್ಕು ಉಳಿಯುವ ಸಾಧ್ಯತೆ ಹೆಚ್ಚು. ಬೇರೆಯವರೂ ಗಮನಿಸಿ, ಹೀಗಾದರೆ ಬೆಳಗಾಗಲಿ ಎಂದು ಕಾಯಬೇಡಿ. ಮೊದಲು ಫೋನ್ ಮಾಡಿ ಮದ್ದು ಇದೆಯಾ ಎಂದು ಕೇಳಿ, ಮಾತ್ರೆಯ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ.

ಪ್ರಶ್ನೆ: ಹನ್ನೊಂದು ವರ್ಷದ ಲ್ಯಾಬ್ರಡಾರ್. ಮಳೆ ಹಿಡಿದರೆ ಏಳುವುದೇ ಕಷ್ಟ. ನಾನು ಮಂಡಿ ನೋವಿಗೆ ತೆಗೆದುಕೊಳ್ಳುವ ಡೈಕ್ಲೋಫೆನಾಕ್ ಕಾಲು ಭಾಗ ಕೊಡಲೇ? (ಮಡಿಕೇರಿ)

ಉತ್ತರ: ಬೇಡ. ಡೈಕ್ಲೋಫೆನಾಕ್ ನಾಯಿಯ ಕರುಳಿನಲ್ಲಿ ರಕ್ತ ಬರಿಸುತ್ತದೆ. (ಪ್ರಾಣಿಗಳಿಗಾಗಿ ಅದನ್ನು ತಯಾರಿಸುವುದನ್ನು 2006ರಲ್ಲೇ ನಮ್ಮ ದೇಶ ನಿಷೇಧಿಸಿತು. ಅದನ್ನು ಕೊಟ್ಟಿದ್ದ ದನ ಸತ್ತಾಗ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು.) ಮುಪ್ಪಾದ ನಾಯಿಗೆ ನೋವಿದ್ದೇ ಇರುತ್ತದೆ ಎಂದು ಬಿಡುವುದೂ ಬೇಡ. ತೂಕ ಇಳಿಸಿ, ಕಕ್ಕಡ ತಿಂಗಳ ಮಳೆಯಲ್ಲಿ ಸಿಮೆಂಟ್ ನೆಲದ ಮೇಲೆ ಗೋಣಿಚೀಲ, ಅದರ ಮೇಲೆ ಕಂಬಳಿ ಹಾಸಿ. ಮೆಲಾಕ್ಸಿಕ್ಯಾಮ್‌ನಂಥ ಔಷಧಿಯನ್ನು ತಿಂಗಳುಗಟ್ಟಲೆ ಕೊಡಬೇಕಾದರೆ ಆಗಾಗ ರಕ್ತ ಪರೀಕ್ಷೆ ಆಗಬೇಕು. ಮೈ ತುರಿಕೆಗೆ ಸ್ಟಿರಾಯ್ಡ್ ನಡೆಯುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ವಾಂತಿ ಅಥವಾ ಕಪ್ಪು ಮಲ ಕಂಡರೆ ಅಂದೇ ಔಷಧಿ ನಿಲ್ಲಿಸಿ ಕರೆದುಕೊಂಡು ಹೋಗಿ.