ಹನಿಯೇ ಅಚ್ಚಲ್ಲ

ಪ್ರಶ್ನೆ: ಎಣ್ಣೆಯಲ್ಲಿ ಸರ್ಫ್ಯಾಕ್ಟಂಟ್ (ನೀರು-ಎಣ್ಣೆಯ ನಡುವೆ ಪೊರೆ ಕಟ್ಟುವ, ಸಾಬೂನಿನಂಥ ವಸ್ತು) ಕರಗಿಸಿ, ಅದರೊಳಗಿನ ನೀರಿನ ಪುಟ್ಟ ಹನಿಗಳಲ್ಲಿ ಬೆಳ್ಳಿಯ ನ್ಯಾನೋ ಕಣ ಮಾಡಲು ಹೊರಟಿದ್ದೇನೆ. ಸಿಟಿಎಬಿ ಎಂಬ ಸರ್ಫ್ಯಾಕ್ಟಂಟ್ ಬಳಸಿದೆ. ಬೆಳ್ಳಿ ನೈಟ್ರೇಟ್ ಹಾಕಿದ ಕೂಡಲೇ ಹಾಲಿನಂತೆ ಕದಡಿತು. ಏಕೆ? ಇನ್ನೊಂದು, 5 ನ್ಯಾನೋಮೀಟರ್ ಹನಿಯಲ್ಲಿ 5 ನ್ಯಾನೋಮೀಟರ್ ಕಣವೇ ಬರುತ್ತದಾ?
– ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಮೊದಲು ಹಾಲಿನ ವಿಷಯ. ಸಿಟಿಎಬಿಯ ಕೊನೆಯ ‘ಬಿ’ ಅಂದರೆ ಬ್ರೋಮೈಡ್. ಬೆಳ್ಳಿ ಅಯಾನು ಅದರ ಜೊತೆ ಸೇರಿ ನೀರಿನಲ್ಲಿ ಕರಗದ ಬೆಳ್ಳಿ ಬ್ರೋಮೈಡ್ ಆಗಿದೆ. ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ. ಬೆಳ್ಳಿಗೆ ಎಒಟಿ ಎಂಬ ಸರ್ಫ್ಯಾಕ್ಟಂಟ್ ತೆಗೆದುಕೊಳ್ಳಿ, ಎಣ್ಣೆಗೆ ಐಸೋಆಕ್ಟೇನ್. ಎಒಟಿಯಲ್ಲಿ ಇರುವುದು ಸೋಡಿಯಂ, ಬೆಳ್ಳಿಯ ತಂಟೆಗೆ ಬರುವುದಿಲ್ಲ. ಚಿನ್ನಕ್ಕಾದರೆ ಸಿಟಿಎಬಿಯೇ ನಡೆಯುತ್ತದೆ.

ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬಾ ಇಷ್ಟ. ಹನಿ ಅಂದರೆ ಅಚ್ಚು ಎಂದೇ ನಾನೂ ಬಹಳ ದಿನ ನಂಬಿದ್ದೆ. 1982ರಲ್ಲಿ ಈ ದಾರಿಯಲ್ಲಿ ಮೊದಲು ಮಾಡಿದ ಪ್ಲಾಟಿನಂ, ಪಲ್ಲಾಡಿಯಂ ಕಣಗಳು 3ರಿಂದ 5 ನ್ಯಾನೋಮೀಟರಿನೊಳಗೇ ಇದ್ದವು. ಅದನ್ನು ಓದಿದರೆ ಯಾರಿಗೂ ಅಚ್ಚೇ ನೆನಪಾಗುತ್ತದೆ, ಅಲ್ವಾ? ಆದರೆ ಒಂದು ಲೆಕ್ಕ ಹಾಕಿ ನೋಡಿ. 5 ನ್ಯಾನೋಮೀಟರ್ ಅಡ್ಡಳತೆಯ ಹನಿಯಲ್ಲಿ 0.1 ಮೋಲಾರ್ ಬೆಳ್ಳಿ ನೈಟ್ರೇಟ್ ಇದ್ದರೆ, ಹನಿಯೊಂದಕ್ಕೆ ಸಿಗುವುದು ಸುಮಾರು 4 ಬೆಳ್ಳಿ ಅಯಾನು. ಅಷ್ಟೇ! ಅದೇ ಅಳತೆಯ ಬೆಳ್ಳಿ ಕಣಕ್ಕೆ ಬೇಕಾಗುವುದು ಸುಮಾರು 3,800 ಪರಮಾಣು. ಅಂದರೆ ಹೆಚ್ಚುಕಡಿಮೆ ಸಾವಿರ ಹನಿಗಳು ತಮ್ಮಲ್ಲಿರುವುದನ್ನು ಒಂದೇ ಕಣಕ್ಕೆ ತಂದು ಸುರಿಯಬೇಕು.

ಹೇಗೆ ಸುರಿಯುತ್ತವೆ? ಹನಿಗಳು ಸದಾ ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಜಾಸ್ತಿ ಸಲ ಸುಮ್ನೆ ತಾಗಿ ದೂರ ಸರಿಯುತ್ತವೆ. ಎಒಟಿಯಲ್ಲಿ ಸುಮಾರು ಸಾವಿರ ಡಿಕ್ಕಿಗೆ ಒಮ್ಮೆ ಸರ್ಫ್ಯಾಕ್ಟಂಟ್ ಪೊರೆ ತೆರೆದುಕೊಂಡು, ಎರಡು ಹನಿ ಒಂದಾಗಿ, ಒಳಗಿನದನ್ನು ಹಂಚಿಕೊಂಡು ಮತ್ತೆ ಬೇರೆಯಾಗುತ್ತವೆ. ಕಣ ಬೆಳೆಯುವುದು ಹೀಗೆ. ನೀರು ಹೆಚ್ಚಿಸಿದರೆ ಹನಿ ದೊಡ್ಡದಾಗುತ್ತದೆ, ನಿಜ. ಆದರೆ ಪೊರೆ ಎಷ್ಟು ಬಿಗಿ, ಬೆಳ್ಳಿ ಎಷ್ಟು, ಅಪಕರ್ಷಕ (ಬೆಳ್ಳಿ ಅಯಾನನ್ನು ಲೋಹವಾಗಿಸುವ ವಸ್ತು) ಎಷ್ಟು ಚುರುಕು ಎಂಬುದನ್ನೂ ನೋಡಬೇಕು. ಅಪಕರ್ಷಕ ಚುರುಕಾಗಿದ್ದರೆ ಒಂದೇ ಸಲಕ್ಕೆ ತುಂಬಾ ಬೀಜ, ಅಂದರೆ ಕಣ ಬೆಳೆಯಲು ಶುರುವಾಗುವ ಪುಟ್ಟ ಗುಂಪುಗಳು, ಹುಟ್ಟುತ್ತವೆ; ಬೆಳ್ಳಿ ಅವುಗಳಲ್ಲಿ ಹಂಚಿಹೋಗಿ ಕಣ ಸಣ್ಣದಾಗಿಯೇ ಉಳಿಯುತ್ತದೆ.

ಅದಕ್ಕೇ ಸೋಡಿಯಂ ಬೋರೋಹೈಡ್ರೈಡ್ ಎಂಬ ಚುರುಕು ಅಪಕರ್ಷಕದ ಬಗ್ಗೆ ಒಂದು ಮಾತು. ನಾನು ಒಮ್ಮೆ ಬೆಳಿಗ್ಗೆ ಕರಗಿಸಿಟ್ಟದ್ದನ್ನು ಮಧ್ಯಾಹ್ನ ಬಳಸಿ, ಬೂದು ಗಸಿಯನ್ನಷ್ಟೇ ಕಂಡೆ. ಬೋರೋಹೈಡ್ರೈಡ್ ನೀರಿನಲ್ಲಿ ಗುಳ್ಳೆಗುಳ್ಳೆಯಾಗಿ ಹೈಡ್ರೋಜನ್ ಬಿಡುತ್ತಾ ಕೆಡುತ್ತದೆ. ಹಾಗಾಗಿ ಬೆಳ್ಳಿಯ ಮೈಕ್ರೋಎಮಲ್ಷನ್ (ಬೆಳ್ಳಿಯಿರುವ ನೀರಿನ ಹನಿಗಳನ್ನು ಹೊತ್ತ ಎಣ್ಣೆ) ಮೊದಲೇ ಸಿದ್ಧವಿರಲಿ. ಬೋರೋಹೈಡ್ರೈಡನ್ನು ಕೊನೇ ಗಳಿಗೆಯಲ್ಲಿ ಐಸಿನಷ್ಟು ತಣ್ಣನೆಯ ನೀರಿನಲ್ಲಿ ಕರಗಿಸಿ ಅದರ ಮೈಕ್ರೋಎಮಲ್ಷನ್ ಮಾಡಿ, ಆಮೇಲೆ ಎರಡನ್ನೂ ಬೆರೆಸಿ. ಟ್ಯೂಬನ್ನು ಬೆಳಕಿಗೆ ಹಿಡಿದಾಗ ಕದಡದ ತಿಳಿ ಹಳದಿ ಕಾಣಿಸಿದರೆ ನಿಮ್ಮ ಬೆಳ್ಳಿ ಬಂದಿದೆ.