ಧರೆಗೆ ತಾಗಿದ ಕೋಣೆಯ ಬೂಷ್ಟಿಗೆ ಯಾವ ಪೇಂಟ್ ಒಳ್ಳೆಯದು?

ಧರೆ (ಗುಡ್ಡದ ಮಣ್ಣಿನ ದಿಬ್ಬ) ಕಡಿದು ಕಟ್ಟಿದ ಕೆಳಗಿನ ಕೋಣೆ, ಮಳೆಗಾಲದಲ್ಲಿ ಗೋಡೆ ತುಂಬ ಕಪ್ಪು ಬೂಷ್ಟು, ಯಾವ ಪೇಂಟ್ ಹೊಡೆಸಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಆ ದುಡ್ಡು ಹಾಗೇ ಇಟ್ಟುಕೊಳ್ಳಿ, ಬೇರೆ ಕೆಲಸಕ್ಕೆ ಬೇಕಾಗುತ್ತದೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಕೆಳಗಿನ ಕೋಣೆಯ ಹಿಂದಿನ ಗೋಡೆ ಅರ್ಧಕ್ಕಿಂತ ಜಾಸ್ತಿ ಮಣ್ಣಿಗೆ ತಾಗಿಕೊಂಡಿತ್ತು. ಮೊದಲು ಅಲ್ಲಿ ಅಡಿಕೆ ಮೂಟೆ ಇಡುತ್ತಿದ್ದೆವು. ಹಳೆಯ ಸುಣ್ಣದ ಗಾರೆಯ ಗೋಡೆ, ಅಪ್ಪ ವರ್ಷಕ್ಕೊಮ್ಮೆ ಸುಣ್ಣ ಬಳಿಸುತ್ತಿದ್ದರು. ಮಳೆಗೆ ಥಂಡಿ ಹಿಡಿಯುತ್ತಿತ್ತು, ದೀಪಾವಳಿ ಕಳೆಯುವಾಗ ಒಣಗುತ್ತಿತ್ತು.

ಮನೆಯಲ್ಲಿ ಜಾಗ ಸಾಲದೆ ಅದನ್ನು ಅಮ್ಮನಿಗೆ ಮಲಗುವ ಕೋಣೆ ಮಾಡಿದೆ. ತಪ್ಪಾಗಿದ್ದು ಇಲ್ಲೇ. ಬೇಸಿಗೆಯಲ್ಲಿ ಗೋಡೆ ಒಣಗಿತ್ತು. ಗಾರೆ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ, ಅದರ ಮೇಲೆ ನೀರು ತಡೆಯುತ್ತದೆ ಅಂತ ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆ. ಆದರೆ ನೀರು ಕೋಣೆ ಕಡೆಯಿಂದ ಬರುತ್ತಿರಲಿಲ್ಲ, ಧರೆ ಕಡೆಯಿಂದ ಬರುತ್ತಿತ್ತು. ಮಣ್ಣಿನ ನೀರನ್ನು ಗೋಡೆ ಹೀರುತ್ತದೆ. ಸುಣ್ಣದ ಗೋಡೆ ಅದನ್ನು ನಿಧಾನಕ್ಕೆ ಗಾಳಿಗೆ ಬಿಟ್ಟುಕೊಡುತ್ತಿತ್ತು. ನಾನು ಆ ದಾರಿ ಮುಚ್ಚಿಸಿದ್ದೆ. ನೀರು ಗೋಡೆಯೊಳಗೇ ನಿಂತು ಮೇಲೇರಿತು, ಪೇಂಟ್ ಗುಳ್ಳೆ ಎದ್ದಿತು, ಒತ್ತಿದರೆ ನೀರು. ಇದು ಸಾಲದೆಂಬಂತೆ ಅದೇ ಗೋಡೆಗೆ ಒತ್ತಿ ಪ್ಲೈವುಡ್ ಬೀರು ಇಡಿಸಿದ್ದೆ. ತೇವ, ಗಾಳಿ ಆಡದ ಜಾಗ, ತಿನ್ನಲು ಮರ. ಬೂಷ್ಟಿಗೆ ಇನ್ನೇನು ಬೇಕು?

ಮೊದಲು ಗೊತ್ತಾಗಿದ್ದು ವಾಸನೆಯಿಂದ. ಒದ್ದೆ ಗೋಣಿಚೀಲದ ವಾಸನೆ. ಅಮ್ಮನ ಕೆಮ್ಮು ಉಬ್ಬಸಕ್ಕೆ ತಿರುಗಿತು. ಬೀರು ಸರಿಸಿದರೆ ಹಿಂಬದಿ ಪೂರ್ತಿ ಕಪ್ಪು. ಅಮ್ಮನನ್ನು ಅವತ್ತೇ ಮೇಲಿನ ಕೋಣೆಗೆ ಕಳಿಸಿದೆವು. ನಿಮ್ಮ ಮನೆಯಲ್ಲಿ ಮಕ್ಕಳು, ವಯಸ್ಸಾದವರು ಅಲ್ಲಿ ಮಲಗುತ್ತಿದ್ದರೆ ಬೇರೇನೂ ಮಾಡುವ ಮುಂಚೆ ಅಷ್ಟು ಮಾಡಿ, ದಯವಿಟ್ಟು.

ಬ್ಲೀಚಿಂಗ್ ಪೌಡರ್ ನೀರಲ್ಲಿ ಉಜ್ಜಿದ್ದೂ ಆಯಿತು. ಬಣ್ಣ ಹೋಯಿತು, ಸ್ವಲ್ಪ ದಿನಕ್ಕೆ ಮತ್ತೆ ಬಂತು. ಬ್ಲೀಚ್ ಮೇಲಿನ ಕಲೆ ತೆಗೆಯುತ್ತದೆ, ಒಳಗಿನ ತೇವ ತೆಗೆಯುವುದಿಲ್ಲ. ಸತ್ತ ಬೂಷ್ಟಿನ ಪುಡಿಯೂ ಅಲರ್ಜಿ ಮಾಡುತ್ತದೆ. ಹಾಗಾಗಿ ಒಣಗಿದ್ದನ್ನು ಪೊರಕೆಯಲ್ಲಿ ಗುಡಿಸಬೇಡಿ. ಎನ್-95 ಮಾಸ್ಕ್ ಹಾಕಿಕೊಂಡು, ಸೋಪಿನ ನೀರಲ್ಲಿ ಒದ್ದೆ ಮಾಡಿ ಒರೆಸಿ. ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಬೂಷ್ಟು ಹಿಡಿದ ಹಾಸಿಗೆ, ಪ್ಲೈವುಡ್ ಉಳಿಸಲು ಹೋಗಬೇಡಿ.

ಬಿಳಿ ಪುಡಿ ಕಂಡರೆ ಹೆದರಬೇಡಿ. ಅದು ಗೋಡೆ ಬಿಟ್ಟ ಉಪ್ಪು ಇರಬಹುದು. ಉಪ್ಪು ಬೆರಳಲ್ಲಿ ಹರಳು ಹರಳಾಗಿ ಪುಡಿಯಾಗುತ್ತದೆ, ಬೂಷ್ಟು ಮೆತ್ತಗೆ ಮಸಿಯಂತೆ ಹತ್ತುತ್ತದೆ. ಎರಡೂ ಹೇಳುವುದು ಒಂದೇ, ನೀರಿದೆ ಅಂತ.

ನೀರು ಎಲ್ಲಿಂದ ಅಂತ ನೋಡಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕೂತರೆ ನೀರು ಗೋಡೆಯಿಂದ. ಮುಂದೆ ಕೂತರೆ ಕೋಣೆಯ ಗಾಳಿಯಿಂದ. ಗಾಳಿಯದ್ದಾದರೆ ಜಡಿಮಳೆಯಲ್ಲಿ ಕಿಟಕಿ ತೆರೆದಿಟ್ಟು ಪ್ರಯೋಜನವಿಲ್ಲ, ಹೊರಗಿನ ತೇವವೇ ಒಳಗೆ ಬರುತ್ತದೆ. ಒಳಗೆ ಬಟ್ಟೆ ಒಣಹಾಕುವುದು ನಿಲ್ಲಿಸಿ, ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಟ್ಟು ತೇವಾಂಶ ಶೇ. 60ಕ್ಕಿಂತ ಕೆಳಗೆ ತನ್ನಿ.

ನಮ್ಮದು ಗೋಡೆಯದ್ದು. ಬೇಸಿಗೆಯಲ್ಲಿ ಹಿಂದಿನ ಮಣ್ಣು ತೆಗೆಸಿ, ಗೋಡೆಗೂ ಧರೆಗೂ ನಡುವೆ ಕೋಣೆಯ ನೆಲಕ್ಕಿಂತ ಕೆಳಗೆ ಇಳಿಯುವ ಅಗಳು (ಆಳದ ಚರಂಡಿ) ಮಾಡಿಸಿದೆವು. ನೀರು ತೋಟಕ್ಕೆ ಹೋಗುವಂತೆ ಇಳಿಜಾರು ಕೊಟ್ಟೆವು. ಮಾಡಿನಿಂದ (ಛಾವಣಿಯಿಂದ) ಬೀಳುವ ನೀರು ಹರಿದುಹೋಗಲು ದಂಬೆ ಹಾಕಿಸಿದೆವು. ಇದನ್ನು ಮಳೆಗಾಲದಲ್ಲಿ ಮಾಡಲೇಬೇಡಿ, ಧರೆ ಜರಿಯುತ್ತದೆ. ಅಡಿಪಾಯದ ಪಕ್ಕದ ಕೆಲಸ, ತಿಳಿದ ಮೇಸ್ತ್ರಿ ಇರಲೇಬೇಕು, ಸ್ವಲ್ಪ ಸ್ವಲ್ಪವೇ ಅಗೆಸಿ. ಒಳಗಿನ ಸಿಮೆಂಟ್ ಪ್ಲಾಸ್ಟರನ್ನೂ ಕೀಳಿಸಬೇಕು, ಕಿತ್ತ ಮೇಲೆ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು, ಅವಸರ ಬೇಡ.

ಅದಾದ ಮೇಲೆ ಬಣ್ಣ ಬೇಕು ಅನ್ನಿಸಿದರೆ ಸುಣ್ಣದ ಗಾರೆ ಮಾಡಿಸಿ ಸುಣ್ಣವನ್ನೇ ಬಳಿಸಿ. ಅದರ ಕ್ಷಾರದಲ್ಲಿ ಬೂಷ್ಟು ಸುಲಭಕ್ಕೆ ಬೆಳೆಯುವುದಿಲ್ಲ. ಬೀರುವನ್ನು ಆ ಗೋಡೆಯಿಂದ ಒಂದು ಗೇಣಾದರೂ ದೂರ ಇಡಿ.